ಒಬ್ಬನೇ ಆಪರೇಟರ್

...ತಾಳು, ತಾಳು, ಮೊದ್ಲು ಉಸಿರು ತಗೋತೀನಿ. ಅಬ್ಬಬ್ಬಾ! ಏನಪ್ಪಾ ಇದು, ಕ್ರೇನಿನ ಏಣಿನೋ, ಮೇಲಿನ ಲೋಕಕ್ಕೆ ಹೋಗೋ ದಾರಿನೋ! ಒಂದು ಕೈ ಕೊಡು. ಕೊಡಲ್ವಾ? ಸರಿ, ಬೇಡ ಬಿಡು. ಇಲ್ಲೇ ಬಾಗಿಲಲ್ಲೇ ಕೂತ್ಕೋತೀನಿ. ಕೆಳಗಂತೂ ನೋಡಲ್ಲ, ನೋಡಿದ್ರೆ ಮುಗೀತು ನನ್ನ ಕಥೆ. ಏನು, ನಗ್ತಿದೀಯಾ? ನಗು ನಗು. ಪ್ರಾಜೆಕ್ಟ್ ಮ್ಯಾನೇಜರ್ ಕಾಲು ಹೀಗೆ ಗಡಗಡ ಅನ್ನೋದನ್ನ ನೋಡೋ ಭಾಗ್ಯ ಇನ್ಯಾವಾಗ ಸಿಗತ್ತೆ ನಿಂಗೆ... ನಗ್ತಿಲ್ವಾ? ನಕ್ಕೆ ಅನ್ಕೊಂಡೆ.

ಇದು ಅಲ್ಲಾಡ್ತಿದೆ ಅಲ್ವಾ, ಈ ಕ್ಯಾಬಿನ್ನು? ಯಾವಾಗ್ಲೂ ಹೀಗೇನಾ? ಹೀಗೆ ತೂಗ್ತಾ ಇರೋದ್ರಲ್ಲಿ ಕೂತು ಕೆಲಸ ಮಾಡ್ತೀಯಾ! ನಂಗೊತ್ತಿರ್ಲಿಲ್ಲಪ್ಪಾ. ಆಣೆಗೂ ಗೊತ್ತಿರ್ಲಿಲ್ಲ.

ನೋಡು, ಕೆಲಸ ಮುಗೀತು. ಟ್ಯಾಂಕಿನ ತಳ ಪೂರ್ತಿ ಆಯ್ತು, ಒಂದೇ ಸಮಕ್ಕೆ, ಎಲ್ಲೂ ನಿಲ್ಲಿಸದೆ. ಇಡೀ ಊರಿನ ನೀರು ಹೊರೋ ತಳ ಅದು! ಹುಡುಗರೆಲ್ಲ ಕೈಕಾಲು ತೊಳ್ಕೊಂಡು ಊಟಕ್ಕೆ ಹೋದ್ರು. ಎಲ್ರ ಬಾಯಲ್ಲೂ ಒಂದೇ ಮಾತು, ಗಿಡುಗ ಇಲ್ದಿದ್ರೆ ಆಗ್ತಿರ್ಲಿಲ್ಲ ಅಂತ. ಹಾಗೇ ತಾನೇ ಕರೆಯೋದು ಅವರೆಲ್ಲ ನಿನ್ನನ್ನ. ಕಾಂಕ್ರೀಟ್ ಬಕೆಟ್ಟನ್ನ ಹೂವು ಇಟ್ಟ ಹಾಗೆ ಇಟ್ಟೆಯಂತೆ. ಮತ್ತೆ ನೀನು ಇಳೀಲೇ ಇಲ್ಲ. ರೇಡಿಯೋದಲ್ಲಿ ಕರೆದ್ರೆ ‘ಸಾರ್, ನೀವೇ ಮೇಲೆ ಬನ್ನಿ’ ಅಂತ ಒಂದು ಮಾತು, ಆಮೇಲೆ ಆಫ್! ಇದೇನಪ್ಪಾ, ಹೀಗೆ ಮಾಡ್ತಾರಾ? ಬಂದೆ ನೋಡು. ಬಂದಿದೀನಲ್ಲ. ಈಗ್ಲಾದ್ರೂ ಮಾತಾಡು.

ಕೋಪನಾ? ಕೋಪ ಇರತ್ತೆ. ಬೆಳಕು ಹರಿಯೋ ಮುಂಚೆ ಹತ್ತಿದೋನು. ಊಟಕ್ಕೂ ಇಳೀಲಿಲ್ಲ. ನಿಂಗೆ ಒಂದಕ್ಕೆ ಹೋಗ್ಬೇಕು ಅನ್ನಿಸತ್ತೆ ಅನ್ನೋದಕ್ಕೆ ನನ್ನ ಚಾರ್ಟಲ್ಲಿ ಜಾಗವೇ ಇಲ್ಲ, ನಿಜ... ನಗ್ಬಾರ್ದಾ ಇದಕ್ಕಾದ್ರೂ? ಹೋಗ್ಲಿ.

ಆ ಹಿರಿಯ ಆಪರೇಟರ್ ವಿಷಯ ತಾನೇ? ನಿನ್ನ ದೋಸ್ತು. ಅವನನ್ನ ಆಚೆ ಸೈಟಿಗೆ ಯಾಕೆ ಕಳಿಸಿದ್ರಿ ಅಂತ ತಾನೇ? ಹೇಳ್ತೀನಿ ಕೇಳು. ಅಲ್ಲಿ ಕ್ರೇನ್ ಇತ್ತು, ಓಡ್ಸೋರು ಇರ್ಲಿಲ್ಲ. ಇಲ್ಲಿ ಒಂದು ಕ್ರೇನಿಗೆ ನೀವಿಬ್ರು. ಒಬ್ಬ ಮೇಲೆ, ಒಬ್ಬ ಕೆಳಗೆ ನೆರಳಲ್ಲಿ ಕೂತು ಬೀಡಿ ಸೇದ್ತಾ ಇರ್ತಾನೆ. ಸಾಹೇಬ್ರು ಬಂದಾಗೆಲ್ಲ ಕೇಳೋರು, ಅವನ್ಯಾಕೆ ಸುಮ್ನೆ ಕೂತಿದಾನೆ ಅಂತ. ಏನ್ ಹೇಳ್ಲಿ? ಒಂದು ಕಡೆ ಜನ ಹೆಚ್ಚು, ಇನ್ನೊಂದು ಕಡೆ ಜನ ಇಲ್ಲ. ಎತ್ತಿ ಇಟ್ಟೆ. ಅದೇ ನನ್ನ ಕೆಲಸ ಕಣೋ! ಯಾರು ಎಲ್ಲಿ, ಯಾವ ಮಿಷಿನ್ ಎಲ್ಲಿ, ಒಂದು ಗಂಟೆನೂ ಯಾರೂ ಖಾಲಿ ಇರ್ಬಾರ್ದು. ಎರಡು ಸೈಟಿನ ಚಾರ್ಟೂ ತುಂಬ್ತು, ಒಂದು ಚೌಕನೂ ಖಾಲಿ ಇಲ್ಲ. ಮೀಟಿಂಗಲ್ಲಿ ಚಪ್ಪಾಳೆ ಹೊಡೆದ್ರು. ಹೌದು, ಹೊಡೆದ್ರು. ಬೇರೆ ಮ್ಯಾನೇಜರುಗಳಿಗೆ ತೋರಿಸಿ ಹೇಳಿದ್ರು, ಇವನನ್ನ ನೋಡಿ ಕಲೀರಿ ಅಂತ.

ಆ ನೆರಳಲ್ಲಿ ಕೂತೋನು ಯಾಕೆ ಬೇಕು ಅಂತ ನಾನು ಯೋಚನೆ ಮಾಡ್ಬೇಕಾಗಿತ್ತು. ಒಪ್ಕೋತೀನಿ. ನೀನು ಬಂದು ಹೇಳಿದ್ದೆ ಕೂಡ, ‘ಸಾರ್, ಏನಾದ್ರೂ ಆದ್ರೆ?’ ಅಂತ. ಏನಾಗತ್ತೆ ಅಂದೆ. ಹಾಗೆ ಅನ್ಬಾರ್ದಾಗಿತ್ತು.

ಸರಿ, ಈಗ ಇಳಿ. ಒಂದು ವಾರ ರಜಾ ತಗೋ. ಹದಿನೈದು ದಿನ ಬೇಕಾ, ತಗೋ. ಸಂಬಳ ಹಿಡಿಯಲ್ಲ. ಕೆಳಗೆ ಜೀಪ್ ನಿಲ್ಸಿದೀನಿ, ಡ್ರೈವರ್ ಸ್ಟಾರ್ಟ್ ಮಾಡ್ಕೊಂಡೇ ಕೂತಿದಾನೆ. ನಾನೂ ಬರ್ತೀನಿ ಜೊತೆಗೆ. ಎಲ್ಲಿಗೆ ಅಂದ್ರೆ... ಮನೆಗೆ. ಮನೆಗೆ ಬಿಡ್ತೀನಿ ಅಂದೆ. ಯಾಕೆ ಹಾಗೆ ನೋಡ್ತೀಯ? ಮ್ಯಾನೇಜರ್ ಆದೋನು ಆಪರೇಟರನ್ನ ಜೀಪಲ್ಲಿ ಬಿಡ್ಬಾರ್ದಾ? ಯಾವತ್ತೂ ಬಿಟ್ಟಿಲ್ಲ, ನಿಜ. ಇವತ್ತು ಬಿಡೋಣ ಅನ್ನಿಸ್ತು. ದಾರೀಲಿ ಹಾಗೇ ಆಸ್ಪತ್ರೆ...

ಕೂತ್ಕೋ. ಏ, ಕೂತ್ಕೋ! ಎದ್ರೆ ಇದು ಇನ್ನೂ ಅಲ್ಲಾಡತ್ತೆ. ದಾರಿ ಬಿಡ್ತೀನಿ ಕಣೋ, ಬಿಡ್ತೀನಿ, ಕಾಲು ಜೋಮು ಹಿಡಿದಿದೆ, ಏಳೋಕಾಗ್ತಿಲ್ಲ ನಂಗೆ. ಹೇಳ್ತೀನಿ. ನಿಮ್ಮಕ್ಕ. ಏನಿಲ್ಲ, ಗಾಬರಿ ಆಗ್ಬೇಡ. ಮನೇಲಿ ಬಿದ್ರಂತೆ. ತಲೆ ಸುತ್ತು ಬಂದು. ನಿಮ್ಮನೆ ಕೆಳಗೆ ಟೈಲರ್ ಅಂಗಡಿ ಇಟ್ಕೊಂಡಿದಾರಲ್ಲ, ಆ ಹೆಂಗಸು ಫೋನ್ ಮಾಡಿದ್ರು. ಆಸ್ಪತ್ರೆಗೆ ಅವರೇ ಕರ್ಕೊಂಡು ಹೋಗಿದಾರೆ. ನೋಡ್ಕೋತಿದಾರೆ. ಡಾಕ್ಟ್ರಿದಾರೆ, ಎಲ್ಲ ಇದಾರೆ.

ಈಗ. ಈಗ ಮಾಡಿದ್ರು ಫೋನು. ಬಂದ ತಕ್ಷಣ ಏಣಿ ಹತ್ತಿದೆ.

...ಮಧ್ಯಾಹ್ನ.

ಹಾಗೆ ನೋಡ್ಬೇಡ್ವೋ. ಬೆಳಿಗ್ಗೆ. ಎರಡನೇ ಲಾರಿ ಕಾಂಕ್ರೀಟ್ ಇಳಿಸ್ತಿದ್ವಿ. ನಿನ್ನ ಫೋನು ನನ್ನ ಆಫೀಸಲ್ಲೇ ಇತ್ತಲ್ಲ, ಕ್ಯಾಬಿನ್ನಿಗೆ ಫೋನ್ ತಗೊಂಡು ಹೋಗ್ಬಾರ್ದು ಅಂತ ನಾನೇ ಮಾಡಿದ ರೂಲ್ಸು. ನಾನೇ ಎತ್ತಿದೆ. ಅಕ್ಕನೇ ಮಾತಾಡಿದ್ರು ಆಗ. ಹೂಂ, ಅವರೇ. ನಾಲಿಗೆ ತೊದಲ್ತಿತ್ತು, ಆದ್ರೂ ಮಾತಾಡಿದ್ರು. ‘ತಮ್ಮ ಇಳಿದ್ನಾ?’ ಅಂದ್ರು. ಇಲ್ಲಮ್ಮಾ, ಮೇಲಿದಾನೆ, ಈಗ ಇಳಿಸಿ ಕಳಿಸ್ತೀನಿ ಅಂದೆ. ‘ಆಯ್ತಪ್ಪಾ’ ಅಂದ್ರು. ಆಯ್ತಪ್ಪಾ ಅಂದ್ರು ನನ್ಗೆ.

ನಿಲ್ಲಿಸೋಕಾಗುತ್ತಾ ಹೇಳು! ನೀನೇ ಹೇಳು! ಅರ್ಧ ಹಾಕಿ ಬಿಟ್ರೆ ಅದು ಗಟ್ಟಿ ಆಗತ್ತೆ, ಆಮೇಲೆ ಹಾಕಿದ್ದು ಅದಕ್ಕೆ ಕೂಡಲ್ಲ. ಎರಡೂ ಸೇರೋ ಗೆರೆ ಉದ್ದಕ್ಕೂ ನೀರು ಸೋರತ್ತೆ, ಇಡೀ ತಳ ಒಡೆದು ಹಾಕ್ಬೇಕು. ನಿಂಗೆ ಹೇಳಿದ್ರೆ ನಿನ್ನ ಕೈ ನಡುಗತ್ತೆ. ಕೆಳಗೆ ಅಷ್ಟು ಜನ, ಅವರ ತಲೆ ಮೇಲೆ ಆ ಬಕೆಟ್ಟು. ಇದು ಸುಳ್ಳಾ? ಹೇಳು, ಇದು ಸುಳ್ಳಾ?

ಇನ್ನೊಬ್ಬ ಇದ್ದಿದ್ರೆ ಆಗ್ತಿತ್ತು. ಹೂಂ, ಅದೇ. ಇನ್ನೊಬ್ಬ ಇದ್ದಿದ್ರೆ ನೀನು ಇಳೀತಿದ್ದೆ, ಅವನು ಹತ್ತುತಿದ್ದ, ಬಕೆಟ್ಟು ಒಂದು ಗಳಿಗೆ ನಿಂತು ಮತ್ತೆ ಓಡ್ತಿತ್ತು. ಅಷ್ಟೇ. ನಿಮ್ಮಕ್ಕ ಅವತ್ತು ನನ್ನನ್ನ ಕೇಳಿದ್ದೂ ಅದನ್ನೇ ಅಲ್ವಾ? ನಿನ್ನನ್ನ ಈ ಕೆಲಸಕ್ಕೆ ಕರೆಯೋಕೆ ನಿಮ್ಮನೆಗೆ ಬಂದಾಗ. ಇದ್ದ ಒಂದು ಕುರ್ಚಿ ನಂಗೆ ಕೊಟ್ಟು, ತಾವು ಬಾಗಿಲಿಗೆ ಒರಗಿ ನಿಂತಿದ್ರು. ‘ಒಬ್ಬನೇ ಇರ್ತಾನಾ ಮೇಲೆ?’ ಅಂದ್ರು. ಇಲ್ಲಮ್ಮಾ, ಇಬ್ರು, ಯಾವಾಗ್ಲೂ ಇಬ್ರು ಅಂದೆ. ನಿನ್ನನ್ನ ಸಾಕೋಕೆ ಅಂತ ಮದುವೆನೂ ಬೇಡ ಅಂದೋರು ಆಕೆ. ನಂಗೆ ಗೊತ್ತು ಕಣೋ, ಗೊತ್ತಿಲ್ದೆ ಇಲ್ಲ.

ನಾನೇನು ಸುಮ್ನೆ ಕೂತೆ ಅನ್ಕೊಂಡಿಯಾ? ಆ ಫೋನ್ ಇಟ್ಟ ತಕ್ಷಣ ಆಚೆ ಸೈಟಿಗೆ ಮಾಡಿದೆ. ಮಾಡಿದೆ, ಮಾಡಿದೆ! ನಿನ್ನ ದೋಸ್ತನ್ನ ಕಳಿಸಿ ಅಂತ ಕೈ ಮುಗಿದು ಕೇಳ್ದೆ. ಅವನು ಸಿಗ್ಲೇ ಇಲ್ಲ. ಎಲ್ಲೋ ಹೋಗಿದಾನೆ ಅಂದ್ರು. ಮತ್ತೆ ಮಾಡಿದೆ. ಇಲ್ಲ. ಯಾರೂ ಬರ್ಲಿಲ್ಲಪ್ಪಾ. ಯಾರಾದ್ರೂ ಬಂದಿದ್ರೆ ಹೆಗಲ ಮೇಲೆ ಹೊತ್ಕೊಂಡು ತಂದು ಹತ್ತಿಸ್ತಿದ್ದೆ, ದೇವರಾಣೆ...

ಏ! ಏ, ಕಾಲರ್ ಬಿಡು! ಏನ್ ಮಾಡ್ತಿದೀಯ? ಎಳೀಬೇಡ, ಬೀಳ್ತೀನಿ! ಅಯ್ಯೋ... ನಿನ್ನ ಸೀಟಲ್ಲಿ ನನ್ನನ್ಯಾಕೆ ಕೂರಿಸ್ತೀಯ? ಹೊಡೀತೀಯಾ? ಹೊಡಿ. ಇಲ್ವಾ? ಮತ್ತೇನು? ಎಲ್ಲಿ ನೋಡ್ಲಿ? ಕೆಳಗೆ ನೋಡೋಕಾಗಲ್ಲ ನಂಗೆ ಅಂದ್ನಲ್ಲ... ಆಯ್ತು, ಆಯ್ತು. ನೋಡ್ತೀನಿ. ಕಣ್ಣು ಬಿಟ್ಟೆ. ಟ್ಯಾಂಕು. ಕಬ್ಬಿಣದ ರಾಶಿ. ನನ್ನ ಆಫೀಸು. ಜೀಪು. ನಮ್ಮ ಗೇಟು...

ಗೇಟು ಕಾಣತ್ತಾ ಇಲ್ಲಿಂದ.

ಕಾವಲುಗಾರನ ಕುರ್ಚಿ ಕೂಡ ಕಾಣತ್ತೆ. ಅವನು ಕಿವಿ ತುರಿಸ್ಕೊಳ್ಳೋದೂ ಕಾಣತ್ತೆ. ಎಲ್ಲ... ಎಲ್ಲ ಕಾಣತ್ತಾ?

ರಸ್ತೆ ಆಚೆ ಸ್ಕೂಟರ್ ಮೇಲೆ ಕೂತಿರೋದು ಯಾರು? ನಿನ್ನ ದೋಸ್ತೇನಾ? ಇನ್ನೂ ಹೋಗಿಲ್ವಾ ಅವನು? ನಾನು ವಾಪಸ್ ಹೋಗು ಅಂದ ಮೇಲೂ... ಬೆಳಿಗ್ಗೆಯಿಂದ ಅಲ್ಲೇ ಕೂತಿದಾನಾ?

ನೋಡಿದೀಯ ನೀನು. ಅವನು ಬಂದಿದ್ದು, ಇಲ್ಲಿಗೆ ಕೈ ಬೀಸಿದ್ದು, ನಾನು ಗೇಟಿಗೆ ಹೋಗಿದ್ದು. ಅವನ ಎದೆ ಮೇಲೆ ಕೈ ಇಟ್ಟು ಹಿಂದಕ್ಕೆ ತಳ್ಳಿದ್ದು. ಯಾಕೆ ಅಂತ ಗೊತ್ತಾಗದೇ ಇಡೀ ದಿನ ಬಕೆಟ್ ಎತ್ತಿದೀಯ, ಇಳಿಸಿದೀಯ. ಆ ಟೈಲರ್ ಹೆಂಗಸು ಅವನಿಗೂ ಫೋನ್ ಮಾಡಿದ್ರಂತೆ. ಯಾರೂ ಕರೀದೇನೇ ಬಂದ. ಆಚೆ ಸೈಟಿನ ಕ್ರೇನ್ ಹಾಗೇ ಬಿಟ್ಟು ಬಂದ. ನಾನು ಹತ್ತುತೀನಿ, ಅವನನ್ನ ಇಳಿಸಿ ಅಂದ. ಕಾಲಿಗೆ ಬಿದ್ದ ಕಣೋ.

ಅವನನ್ನ ಒಳಗೆ ಬಿಟ್ಟಿದ್ರೆ ಅಲ್ಲಿನ ಕ್ರೇನ್ ಯಾಕೆ ನಿಂತಿದೆ ಅಂತ ಸಾಹೇಬ್ರು ಕೇಳ್ತಿದ್ರು. ಕೇಳಿದ್ರೆ ಎಲ್ಲಾ ಹೊರಗೆ ಬರ್ತಿತ್ತು. ಇಬ್ರು ಇರ್ಬೇಕಾದ ಕಡೆ ಒಬ್ಬನನ್ನ ಇಟ್ಟಿದೀನಿ ಅಂತ. ಅದಕ್ಕೇ ಚಪ್ಪಾಳೆ ಹೊಡೆಸ್ಕೊಂಡಿದೀನಿ ಅಂತ. ಇನ್ನೊಂದು ಸ್ವಲ್ಪ ಹೊತ್ತು, ಇದೊಂದು ಲಾರಿ, ಇದೊಂದು ಲಾರಿ ಅನ್ಕೊಂಡೆ. ಹಾಗೇ ಅನ್ಕೊಂಡು ಅನ್ಕೊಂಡು...

ಹೋಗ್ತೀಯಾ? ಹೋಗು. ಹೋಗಪ್ಪಾ. ನಾನು ಇಲ್ಲೇ ಇರ್ತೀನಿ, ನಂಗೆ ಇಳಿಯೋಕೆ ಬರಲ್ಲ. ಜೀಪ್ ತಗೋ. ಬೇಡ್ವಾ, ಅವನ ಸ್ಕೂಟರಲ್ಲೇ ಹೋಗು. ಏಯ್, ಹಾಗೆ ಧಡಧಡ ಇಳೀಬೇಡ! ನಿಧಾನ! ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಕಾಲು ಜಾರತ್ತೆ. ನಿಧಾನಕ್ಕೆ ಇಳಿ. ಓಡೋದು ಬೇಡ. ಆ ಟೈಲರ್ ಹೆಂಗಸೂ ಆಮೇಲೆ ಫೋನ್ ಮಾಡಿದಾಗ ಅದೇ ಅಂದ್ರು, ‘ಇನ್ನು ಅವಸರ ಮಾಡಿ ಏನು ಬಂತು ಸಾರ್, ಕೆಲಸ ಮುಗಿಸ್ಕೊಂಡೇ ಬರ್ಲಿ’ ಅಂತ...

ಯಾಕೆ ನಿಂತೆ?

ಏಣಿ ಮಧ್ಯದಲ್ಲಿ ಯಾಕೆ ನಿಂತ್ಬಿಟ್ಟೆ? ನಾನೇನಂದೆ ಈಗ? ಇಲ್ಲ... ಹಾಗಲ್ಲ... ನಾನು ಹೇಳಿದ್ದು... ಮೇಲೆ ನೋಡ್ಬೇಡ. ನನ್ನ ಮುಖ ನೋಡ್ಬೇಡಪ್ಪಾ, ಏಣಿ ನೋಡು. ಎರಡೂ ಕೈಲಿ ಹಿಡ್ಕೋ. ಅವನು ಓಡಿ ಬರ್ತಿದಾನೆ ನೋಡು, ಗೇಟ್ ದಾಟಿದ, ಈ ಸಲ ಯಾರೂ ತಡೀತಿಲ್ಲ, ಬಂದ, ಏಣಿ ಹತ್ರ ಬಂದ. ಹಿಡ್ಕೊಂಡಿರು. ಬೈ, ಉಗಿ, ಏನಾದ್ರೂ ಅನ್ನು... ಕೈ ಮಾತ್ರ ಬಿಡ್ಬೇಡ್ವೋ. ಕೈ ಬಿಡ್ಬೇಡ.