ಪೂಜೆಗೆ ಇಳಿಸಿದ ಸಿಲಿಂಡರ್

ನನ್ನ ಹೆಸರು ಲಾವಣ್ಯ, ತಂದೆ ದೊಡ್ಡಬೀರಪ್ಪ, ವಯಸ್ಸು 23 ವರ್ಷ, ಓದು ಐದನೇ ತರಗತಿ, ಕೆಲಸ ಪ್ರವಾಸಿ ದೋಣಿಯಲ್ಲಿ ಸಹಾಯಕಿ, ವಾಸ ಬಿಕ್ಕೋಡು ಗ್ರಾಮ, ಬೇಲೂರು ತಾಲ್ಲೂಕು. ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನಿನ್ನೆ ನಮ್ಮ ದೋಣಿಗೆ ಬೆಂಕಿ ಹತ್ತಿಕೊಂಡಿತು. ಬೆಂಕಿ ನಂದಿಸುವ ಸಿಲಿಂಡರ್ ಇದೆಯೇ ಎಂದು ವಿಚಾರಿಸದೆ ಚಾಲಕ ಚನ್ನೇಶ್‌ರವರು ದೋಣಿ ಬಿಟ್ಟರೆಂದು ಮಾಲೀಕರಾದ ಉದಯಕುಮಾರ್‌ರವರು ದೂರು ಕೊಟ್ಟಿದ್ದಾರೆ. ಚನ್ನೇಶ್‌ರವರ ಪರವಾನಗಿ ರದ್ದು ಮಾಡಬೇಕೆಂದೂ ಕೇಳಿದ್ದಾರೆ. ಆ ದೋಣಿಯಲ್ಲಿ ಚನ್ನೇಶ್ ಬಿಟ್ಟರೆ ಕೆಲಸದವಳು ನಾನೊಬ್ಬಳೇ.

ಹಾಲುಕಟ್ಟೆ ಕೆರೆಯ ಈ ದೋಣಿಯಲ್ಲಿ ನಾನು ಎರಡು ವರ್ಷದಿಂದ ಇದ್ದೇನೆ. ಜನರಿಗೆ ಲೈಫ್ ಜಾಕೆಟ್ ಕಟ್ಟುವುದು, ಆಮೇಲೆ ಹಿಂದಿನ ಸೀಟಿನಲ್ಲಿ ಕುಳಿತು ಎಂಜಿನ್ ಪೆಟ್ಟಿಗೆ ಕಾಯುವುದು ನನ್ನ ಕೆಲಸ. ಐದು ನಿಮಿಷಕ್ಕೊಮ್ಮೆ ಮುಚ್ಚಳದ ಮೇಲೆ ಅಂಗೈ ಇಟ್ಟು ಬಿಸಿ ನೋಡಬೇಕು. ದೋಣಿ ದಡ ಮುಟ್ಟುವವರೆಗೂ ಆ ಸೀಟು ಬಿಟ್ಟು ಏಳಬಾರದೆಂದು ಚನ್ನೇಶ್ ಮೊದಲ ದಿನವೇ ಹೇಳಿಕೊಟ್ಟಿದ್ದರು.

ದಿನಾಂಕ 01-10-2025 ರಂದು ಆಯುಧಪೂಜೆ. ಬೆಳಗ್ಗೆ 8-30ಕ್ಕೆ ಸ್ಪ್ಯಾನರ್, ಹಗ್ಗ, ಬಕೆಟ್‌ಗಳ ಜೊತೆ ಸಿಲಿಂಡರನ್ನೂ ನಾನೇ ದೋಣಿಯಿಂದ ಇಳಿಸಿ, ತೊಳೆದು, ಶೆಡ್ಡಿನ ಮುಂದೆ ಸಾಲಾಗಿ ಇಟ್ಟೆನು. 9-30ಕ್ಕೆ ಪೂಜೆ ಮುಗಿಯಿತು. ಜನ ಜಾಸ್ತಿ ಬಂದಿದ್ದರಿಂದ ದೋಣಿ ಬಿಡಲು ಮಾಲೀಕರು ಹೇಳಿದರು. ನಾನು ಸಿಲಿಂಡರ್ ಎತ್ತಲು ಹೋದಾಗ ಮಾಲೀಕರೇ, ಪೂಜೆಗಿಟ್ಟಿದ್ದನ್ನ ನಾಳೆವರೆಗೂ ಮುಟ್ಬಾರ್ದು ಕಣಮ್ಮ, ಅಲ್ಲೇ ಇರ್ಲಿ ಎಂದರು. ದೋಣಿಗೂ ಪೂಜೆ ಆಗಿತ್ತು. ನಾನು ಸಿಲಿಂಡರನ್ನು ಅಲ್ಲೇ ಬಿಟ್ಟೆನು. ಚನ್ನೇಶ್ ಆಗ ಡೀಸೆಲ್ ತರಲು ಹೋಗಿದ್ದರು, 12 ಗಂಟೆಗೆ ವಾಪಸ್ ಬಂದರು.

12-10ಕ್ಕೆ ಅಂದಿನ ಮೊದಲ ಸುತ್ತಿಗೆ ಹದಿನಾಲ್ಕು ಜನ ಹತ್ತಿದರು. ಅವರಲ್ಲಿ ಅರಸೀಕೆರೆ ಕಡೆಯ ಒಬ್ಬ ಹೆಂಗಸು, ದೋಣಿಗೆ ಇಷ್ಟು ದಪ್ಪ ಹಾರ ಹಾಕಿದ್ದೀರಲ್ರೀ, ನಮಗೆ ಒಂದು ಹಿಡಿ ಪುರಿನೂ ಇಲ್ವಾ ಎಂದು ನನ್ನನ್ನು ಕೇಳಿದರು. ಎಲ್ಲರೂ ನಕ್ಕು ನನ್ನ ಕಡೆ ತಿರುಗಿದರು. ಅದೇ ಹೊತ್ತಿಗೆ ಚನ್ನೇಶ್, ಸಿಲಿಂಡರು, ಜಾಕೆಟ್ಟು ಎಲ್ಲಾ ಐತೇನಮ್ಮ ಎಂದು ಮುಂದಿನಿಂದ ಕೂಗಿದರು. ಸಿಲಿಂಡರ್ ದಡದಲ್ಲಿರುವುದು ನನಗೆ ನೆನಪಿತ್ತು. ಅಷ್ಟು ಜನರ ಮುಂದೆ ಇಲ್ಲ ಎನ್ನಲು ನಾಚಿಕೆಯಾಯಿತು. ಇದೆ ಎಂದು ತಲೆಯಾಡಿಸಿದೆನು.

12-25ಕ್ಕೆ, ದಡದಿಂದ ಸುಮಾರು 300 ಮೀಟರ್ ದೂರದಲ್ಲಿ, ಮುಚ್ಚಳ ಕೈ ಇಡಲಾಗದಷ್ಟು ಕಾದಿತ್ತು. ಸಂದಿಯಿಂದ ಹೊಗೆ ಬಂತು, ಅದರ ಹಿಂದೆಯೇ ಒಂದು ಗೇಣು ಉರಿ ಎದ್ದಿತು. ನಾನು ಕೂಗಿಕೊಂಡೆನು. ಚನ್ನೇಶ್ ಎಂಜಿನ್ ನಿಲ್ಲಿಸಿ, ಡೀಸೆಲ್ ಬಂದ್ ಮಾಡಿ, ಯಾರೂ ನಿಂತ್ಕೋಬೇಡಿ, ಕೂತಂಗೇ ಮುಂದಕ್ಕೆ ಜರುಗಿ ಎಂದು ಜನರಿಗೆ ಹೇಳಿದರು. ಸಿಲಿಂಡರ್ ಕೊಡವ್ವ ಎಂದು ನನ್ನ ಕಡೆ ಕೈ ಚಾಚಿದರು. ದಡದಲ್ಲೈತೆ ಅಣ್ಣ ಎಂದೆನು. ಅವರು ಒಂದು ಸಲ ನನ್ನ ಮುಖ ನೋಡಿದರು. ಬೈಯಲಿಲ್ಲ. ಕಾಲೊರೆಸಲು ಹಾಸಿದ್ದ ಗೋಣಿಚೀಲಗಳನ್ನು ಕೆರೆಯಲ್ಲಿ ಅದ್ದಿ, ಪೆಟ್ಟಿಗೆಯ ಮೇಲೆ ಹಾಕಿ ಎರಡೂ ಕೈಯಿಂದ ಒತ್ತಿ ಹಿಡಿದರು. 12-31ಕ್ಕೆ ಬೆಂಕಿ ಆರಿತು. ಪ್ರಯಾಣಿಕರಿಗೆ ಏನೂ ಆಗಲಿಲ್ಲ. ಚನ್ನೇಶ್‌ರವರ ಎರಡೂ ಅಂಗೈಗಳ ಚರ್ಮ ಸುಲಿದುಹೋಗಿ ಅವರು ಆಸ್ಪತ್ರೆಯಲ್ಲಿದ್ದಾರೆ. ನಿನ್ನೆ ಸಂಜೆ ನಾನು ಅನ್ನ ಕಲಸಿ ತಿನ್ನಿಸಿದೆನು.

ಇಂದು ಬೆಳಗ್ಗೆ 9 ಗಂಟೆಗೆ ಮಾಲೀಕರು ನನ್ನನ್ನು ಆಫೀಸಿಗೆ ಕರೆಸಿ, ಚನ್ನೇಶ ಏನೂ ಕೇಳ್ಲಿಲ್ಲ ಅಂತ ಠಾಣೇಲಿ ಹೇಳ್ಬಿಡು, ನಿನಗ್ಯಾಕೆ ಊರ ಉಸಾಬರಿ, ಇಲ್ಲಾಂದ್ರೆ ನಾಳೆಯಿಂದ ಬರೋದೇ ಬೇಡ ಎಂದರು. ನಾನು ಜಾಕೆಟ್ ಪೆಟ್ಟಿಗೆಯ ಬೀಗದ ಕೈಯನ್ನು ಅವರ ಮೇಜಿನ ಮೇಲೆ ಇಟ್ಟು, 10-15ರ ಬಸ್ಸಿಗೆ ಇಲ್ಲಿಗೆ ಬಂದಿದ್ದೇನೆ. ಚನ್ನೇಶ್ ಕೇಳಿಯೇ ದೋಣಿ ಬಿಟ್ಟರು. ಸುಳ್ಳು ಹೇಳಿದವಳು ನಾನು.

ಇದನ್ನು ನನಗೆ ಓದಿ ಕೇಳಿಸಿದರು. ನಾನು ಹೇಳಿದಂತೆಯೇ ಬರೆದಿದೆ, ಎಲ್ಲವೂ ನಿಜ.

ಸ್ಥಳ: ಬೇಲೂರು
ದಿನಾಂಕ: 02-10-2025
ಸಹಿ: ಲಾವಣ್ಯ