ಲಾಲಮ್ಮನ ಕೊಡಲಿ

ಹುಣಸಗಿ ಬಸ್‌ಸ್ಟ್ಯಾಂಡಿನಲ್ಲಿ ಸುರಪುರದ ಬಸ್ಸಿಗೆ ಕಾಯುತ್ತಿದ್ದ ರೇಣುಕಾದೇವಿಯ ಕಿವಿ, ಬೇಡವೆಂದರೂ ಪಕ್ಕದ ಮಾತಿನ ಕಡೆಗೇ ಹೋಯಿತು. ಘಟ್ಟದ ಕಾಡು ಕಡಿಯಲು ಆಳು ಒಯ್ಯುವ ಮೇಸ್ತ್ರಿ ಮೌನಪ್ಪ, ಎಲ್ಲರ ಕೊಡಲಿಗಳನ್ನು ಆಗಲೇ ಟೆಂಪೋಗೆ ಹಾಕಿಸಿದ್ದ. ಅವನೆದುರು ಲಾಲಮ್ಮ ನಿಂತಿದ್ದಳು.

“ನನ್ನ ಕೊಡ್ಲಿ ಕೊಡ್ರಿ. ಈ ಸಲ ನಾ ಬರಂಗಿಲ್ಲ.”

“ಹೋದ ವರ್ಷ ಬಂದಿದ್ದಿ. ಈಗೇನಾತು?”

“ಬಂದಿದ್ದಕ್ಕೇ ಹೇಳಾಕತ್ತೇನಿ. ಮೊದಮೊದಲು ಮುಂಜಾನೆ ಗಿಡದ ಮ್ಯಾಲಿಂದ ಮಂಜು ಏಳ್ತಿತ್ತು, ಸಂಜಿಗೆ ಮಳಿಯಾಗಿ ಬೀಳ್ತಿತ್ತು. ನಾವು ಕಡಿದು ಸುಟ್ಟ ಮ್ಯಾಲ ಬರೇ ಹೊಗಿ ಎದ್ದಿತು. ಅಲ್ಲಿ ನಾವು ಕುಡೀತಿದ್ದ ಹಳ್ಳಾನೂ ಬತ್ತಿತು.”

“ಘಟ್ಟದ ಹಳ್ಳ ಬತ್ತಿದ್ರ ನಿನಗೇನು?”

“ಆ ಹಳ್ಳದ ನೀರೇ ಕೃಷ್ಣಾಕ್ಕ ಸೇರ್ತದ. ಕೃಷ್ಣಾದ ನೀರೇ ನಮ್ಮ ಕಾಲುವಿಗೆ ಬರ್ತದ. ನಮ್ಮ ನೀರು ನಾವ ಕಡಕೋಬೇಕೇನ್ರಿ?”

“ನೀ ಬರದಿದ್ರ ಕಾಡು ಉಳೀತದೇನು? ಇನ್ನೊಬ್ಬಾಕಿ ಬರ್ತಾಳ.”

“ಬರ್ಲಿ. ಆಕಿ ತನ್ನ ಕೊಡ್ಲಿ ತರ್ಲಿ. ಇದು ನನ್ನದು.”

ಮೌನಪ್ಪ ಗೊಣಗುತ್ತ ಟೆಂಪೋದೊಳಗಿಂದ ಕೊಡಲಿ ಎಳೆದು ಕೊಟ್ಟ. ಲಾಲಮ್ಮ ಅದನ್ನು ಹೆಗಲಿಗೇರಿಸಿ ಹೊರಟಳು.

“ಮನ್ಯಾಗಿಟ್ಟು ಏನು ಮಾಡ್ತಿ ಅದನ್ನ?” ಎಂದು ಅವನು ಹಿಂದಿನಿಂದ ಕೂಗಿದ.

“ತುಕ್ಕು ಹಿಡೀಲಿ ಬಿಡ್ರಿ,” ಎಂದಳು, ತಿರುಗಿ ನೋಡದೆ.