ಸಡಿಲವಾಗಿದ್ದ ನಟ್ಟು

ಆಪರೇಷನ್ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಕಸರತ್ತಿನ ವಿಮಾನದ ಪೈಲಟ್‌ನ ಹೆಂಡತಿ ಕುಳಿತಿದ್ದರು. ವಿಮಾನದ ಮೆಕ್ಯಾನಿಕ್ ಎದುರಿಗೆ ನಿಂತಿದ್ದ.

"ತಲೆಕೆಳಗಾಗಿ ಹಾರ್ತಿದ್ದಾಗಲೇ ಇಂಜಿನ್ ನಿಂತೋಯ್ತು ಅಕ್ಕಾ. ಅಣ್ಣ ಹೇಗೋ ನೆಟ್ಟಗೆ ಮಾಡ್ಕೊಂಡು ಊರಾಚೆ ಹೊಲದಲ್ಲಿ ಇಳಿಸಿದ್ರು, ಆದ್ರೆ ನೆಲಕ್ಕೆ ತಾಗಿದ್ದೇ ವಿಮಾನ ಮಗುಚಿಬಿತ್ತು."

"ಪ್ಯಾರಾಚೂಟ್ ಇತ್ತಲ್ಲ, ಹಾರಿಬಿಡೋದಲ್ವಾ?"

"ಇಂಜಿನ್ ನಿಂತಾಗ ಕೆಳಗೆ ಬರೀ ಮನೆಗಳು. ವಿಮಾನ ಯಾರ ಮೇಲೆ ಬೀಳ್ತಿತ್ತೋ."

"ಇಂಜಿನ್ ಯಾಕೆ ನಿಲ್ತು?"

"ಪೆಟ್ರೋಲ್ ಪೈಪಿನ ನಟ್ಟು ಸಡಿಲ ಆಗಿತ್ತು. ಬೆಳಗ್ಗೆ ಅದನ್ನ ಬಿಗಿ ಮಾಡ್ಬೇಕಾದೋನು ನಾನು. ಮಾಡಿದ್ನೋ ಇಲ್ವೋ, ನೆನಪೇ ಆಗ್ತಿಲ್ಲ."

"ನೀನು ಸರಿ ಇದೆ ಅಂದ್ರೆ ಅವರು ಇನ್ನೊಂದ್ಸಲ ನೋಡ್ತಾನೇ ಇರ್ಲಿಲ್ಲ ಕಣೋ."

"ಹೊಡೀರಿ ಅಕ್ಕಾ."

ನರ್ಸ್ ಬಾಗಿಲು ತೆರೆದರು. "ಇನ್ನೂ ರಕ್ತ ಬೇಕು, ಬೇಗ!"

"ನಿಂದೂ ಅವರದೇ ಗ್ರೂಪ್ ಅಲ್ವಾ?"

"ಹೌದಕ್ಕಾ."

"ನಡಿ. ಬೈಯೋದು ಆಮೇಲೆ."

ಅವನ ತೋಳು ಹಿಡಿದು ಎಳೆದುಕೊಂಡೇ ಅವರು ನರ್ಸ್ ಹಿಂದೆ ಓಡಿದರು.